ಲಕೋಟೆಯ ಬೆನ್ನಿನ ಲೆಕ್ಕ: ಹಿಮದ ಪಾಸ್‌ಗಳನ್ನು ದಾಟಿದ ಎರಿಕ್ ಶಿಪ್ಟನ್

ಬದರಿನಾಥದಿಂದ ಕೇದಾರನಾಥಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ದೂರ ಸುಮಾರು 40 ಕಿಲೋಮೀಟರ್. ರಸ್ತೆ ಹಿಡಿದು ಹೋಗುವ ಯಾತ್ರಿಕನಿಗೆ ಅದು 200 ಕಿ.ಮೀ.ಗೂ ಮಿಗಿಲಾದ ಸುತ್ತು. ನಡುವೆ ಹಿಮದ ಗೋಡೆಯೊಂದು ನಿಂತಿದೆ. ಹಿಂದೆ ಒಬ್ಬನೇ ಅರ್ಚಕ ಒಂದೇ ದಿನದಲ್ಲಿ ಎರಡೂ ಗುಡಿಗಳ ಪೂಜೆ ಪೂರೈಸುತ್ತಿದ್ದನೆಂಬ ಐತಿಹ್ಯ ಗಢವಾಲದಲ್ಲಿ ಪ್ರಚಲಿತವಾಗಿತ್ತು. ಬದರಿಯ ರಾವಲರು ಕೇರಳದ ನಂಬೂದಿರಿಗಳು, ಕೇದಾರದ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರು. ದಕ್ಷಿಣದ ಎರಡು ಮೂಲೆಗಳಿಂದ ಬಂದ ಈ ಇಬ್ಬರ ಪೀಠಗಳ ನಡುವೆ ಒಂದು ಕಾಲುದಾರಿಯೂ ಇತ್ತೆಂಬುದು ಕೇಳಲು ಚೆಂದದ ಕಥೆ. ಆದರೆ ಆ ದಾರಿಯನ್ನು ಕಂಡವರು ಯಾರೂ ಇರಲಿಲ್ಲ.

1934ರ ಆಗಸ್ಟ್‌ನಲ್ಲಿ, ಮುಂಗಾರು ಭೋರ್ಗರೆಯುತ್ತಿದ್ದ ದಿನಗಳಲ್ಲಿ, ಐವರು ಆ ದಾರಿಯನ್ನು ಹುಡುಕಿ ಹೊರಟರು. ಅವರಲ್ಲಿ ಇಬ್ಬರು ಆಂಗ್ಲರು, ಮೂವರು ಶೆರ್ಪಾಗಳು. ತಂಡವನ್ನು ಕಟ್ಟಿದವರು ಎರಿಕ್ ಶಿಪ್ಟನ್. ಪರ್ವತಾರೋಹಣದ ಚರಿತ್ರೆಯಲ್ಲಿ ಅವರ ಹೆಸರು ಉಳಿದಿರುವುದು ಏರಿದ ಶಿಖರಗಳಿಗಿಂತ ಹೆಚ್ಚಾಗಿ ಹೊರಡುವ ಮುನ್ನ ಹಾಕುತ್ತಿದ್ದ ಲೆಕ್ಕದಿಂದ. ಆ ಲೆಕ್ಕ ಅವರಿಗೆ ಹಿಮಾಲಯದ ಮುಚ್ಚಿದ ಬಾಗಿಲುಗಳನ್ನು ತೆರೆಯಿತು. ಒಂದು ಬಾರಿ ಪ್ರಾಣಕ್ಕೇ ಎರವಾಗಲಿದ್ದುದೂ, ಕೊನೆಗೆ ಎವರೆಸ್ಟ್ ತಂಡದ ನಾಯಕತ್ವ ಕೈತಪ್ಪಲು ಕಾರಣಗಳಲ್ಲಿ ಒಂದಾದುದೂ ಅದೇ.

ಓದಲು ತಡವರಿಸಿದ ಹುಡುಗ

ಶಿಪ್ಟನ್ ಜನಿಸಿದ್ದು 1907ರ ಆಗಸ್ಟ್ 1ರಂದು, ಸಿಲೋನಿನಲ್ಲಿ. ತಂದೆ ಚಹಾ ತೋಟದ ಒಡೆಯರು. ಮಗನಿಗೆ ಮೂರು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ತಾಯಿಯೊಡನೆ ಊರೂರು ಸುತ್ತಿದ ಬಾಲಕನಿಗೆ ಅಕ್ಷರ ಬೇಗನೆ ಒಲಿಯಲಿಲ್ಲ. ಓದಿನಲ್ಲಿ ಬಹುಕಾಲ ಹಿಂದೆ ಬಿದ್ದು, ಹೆಸರಾಂತ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣನಾದ. ಮುಂದೆ ಅದೇ ಹುಡುಗ ಹಿಮಾಲಯದ ಕುರಿತು ಇಂಗ್ಲಿಷಿನ ಅತ್ಯುತ್ತಮ ಪುಸ್ತಕಗಳಲ್ಲಿ ಕೆಲವನ್ನು ಬರೆದುದು ಬೇರೆ ಮಾತು.

1928ರಲ್ಲಿ ಅವರು ಕಾಫಿ ಬೆಳೆಯಲು ಕೆನ್ಯಾಗೆ ಹೋದರು. ಮರುವರ್ಷದ ಆರಂಭದಲ್ಲೇ ವಿನ್ ಹ್ಯಾರಿಸ್ ಜೊತೆ ಕೆನ್ಯಾ ಪರ್ವತವನ್ನು ಏರಿ, ಅದರ ಅವಳಿ ತುದಿಗಳಲ್ಲಿ ಒಂದಾದ ನೆಲಿಯನ್ನನ್ನು ಮೊದಲ ಬಾರಿಗೆ ತಲುಪಿದರು. ಅಲ್ಲಿಯೇ ಪರಿಚಯವಾದವರು ಬಿಲ್ ಟಿಲ್ಮನ್. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ, ಮಿತಭಾಷಿಯಾದ, ಕಷ್ಟವನ್ನೇ ಸುಖವೆಂದು ಬಗೆದಂತಿದ್ದ ಮನುಷ್ಯ. ಆಫ್ರಿಕಾದ ಬದುಕು ಸಾಕೆನಿಸಿದಾಗ ಸೈಕಲ್ಲಿನಲ್ಲಿ ಖಂಡವನ್ನು ಅಡ್ಡ ದಾಟಿ ಅಟ್ಲಾಂಟಿಕ್ ಕರಾವಳಿ ಸೇರಿ ಊರಿಗೆ ಮರಳಿದವರು. ಇಬ್ಬರ ಸ್ವಭಾವ ಒಂದಕ್ಕೊಂದು ಹೊಂದುವಂತಿರಲಿಲ್ಲ. ಆದರೆ ಜೋಡಿ ಗಟ್ಟಿಯಾಯಿತು.

1931ರಲ್ಲಿ ಫ್ರಾಂಕ್ ಸ್ಮೈತ್ ನೇತೃತ್ವದಲ್ಲಿ ಗಢವಾಲದ ಕಾಮೆಟ್ ಶಿಖರವನ್ನು ಏರಿದವರಲ್ಲಿ ಶಿಪ್ಟನ್ ಒಬ್ಬರು. 7,756 ಮೀಟರಿನ ಕಾಮೆಟ್ ಅಲ್ಲಿಯವರೆಗೆ ಮನುಷ್ಯ ತುದಿ ಮುಟ್ಟಿದ ಶಿಖರಗಳಲ್ಲೆಲ್ಲ ಎತ್ತರದ್ದು. ಆ ಖ್ಯಾತಿಯಿಂದ 1933ರ ಎವರೆಸ್ಟ್ ತಂಡಕ್ಕೆ ಕರೆ ಬಂತು. ಎವರೆಸ್ಟಿನಲ್ಲಿ ಅವರು ಕಲಿತದ್ದು ಬೇಡದ ಪಾಠವನ್ನು. ನೂರಾರು ಹೊರೆಪ್ರಾಣಿಗಳು, ಪೆಟ್ಟಿಗೆಗಟ್ಟಲೆ ಡಬ್ಬಿ ಆಹಾರ, ಸೇನೆಯ ದಂಡಯಾತ್ರೆಯಂತಹ ಮೆರವಣಿಗೆ. ಇಷ್ಟೆಲ್ಲ ಇದ್ದೂ ಶಿಖರ ದಕ್ಕಲಿಲ್ಲ. ಸಾಮಾನು ಹೆಚ್ಚಿದಷ್ಟೂ ತಂಡ ಸಾಮಾನಿನ ಸೇವೆಗೇ ನಿಲ್ಲುತ್ತದೆ ಎಂಬ ತೀರ್ಮಾನಕ್ಕೆ ಶಿಪ್ಟನ್ ಬಂದರು.

ಹೊರುವವನೂ ತಿನ್ನುತ್ತಾನೆ

ಇದು ಬರಿಯ ರುಚಿಯ ಪ್ರಶ್ನೆಯಲ್ಲ, ಅಂಕಗಣಿತದ್ದು. ಎತ್ತರದಲ್ಲಿ ದುಡಿಯುವ ಮನುಷ್ಯನಿಗೆ ದಿನಕ್ಕೆ ಸುಮಾರು 2 ಪೌಂಡ್, ಅಂದರೆ 900 ಗ್ರಾಂ ಒಣ ಆಹಾರ ಬೇಕೆಂಬುದು ಶಿಪ್ಟನ್ನರ ಲೆಕ್ಕ. 60 ಪೌಂಡ್ ಬುತ್ತಿ ಹೊತ್ತು ಹೊರಟ ಹೊರೆಯಾಳು ತನ್ನ ಹೊಟ್ಟೆಗೂ ಅದರಿಂದಲೇ ತೆಗೆದುಕೊಂಡರೆ 30ನೆಯ ದಿನಕ್ಕೆ ಮೂಟೆ ಬರಿದು. ಮರಳಿ ಬರುವುದನ್ನೂ ಸೇರಿಸಿದರೆ ಆತ ಹೋಗಬಹುದಾದದ್ದು 15 ದಿನಗಳ ದಾರಿ ಮಾತ್ರ, ಅದೂ ತಂಡಕ್ಕೆ ಒಂದು ಹಿಡಿ ಹಿಟ್ಟನ್ನೂ ಉಳಿಸದೆ. ಹಳ್ಳಿಯಿಲ್ಲದ, ಸೌದೆಯಿಲ್ಲದ ಹಿಮನದಿಯ ಮೇಲೆ ಆಳು ಹೆಚ್ಚಿಸಿದರೆ ಅವರಿಗೆ ಆಹಾರ ಹೊರಲು ಮತ್ತಷ್ಟು ಆಳು ಬೇಕು, ಆ ಆಳುಗಳಿಗೆ ಇನ್ನಷ್ಟು. ಕುರುಡು ಕಣಿವೆಯೊಂದನ್ನು ಹೊಕ್ಕು, ತುದಿಯಲ್ಲಿ ಪಾಸ್ ದಾಟಿ, ಇನ್ನೊಂದು ಕಣಿವೆಗೆ ಇಳಿಯುವ ಪ್ರಯಾಣದಲ್ಲಿ ಈ ಸರಪಳಿ ಬೇಗನೆ ಮುರಿದುಬೀಳುತ್ತದೆ.

ಶಿಪ್ಟನ್ ಲೆಕ್ಕವನ್ನು ತಿರುಗಿಸಿ ಹಾಕಿದರು. ಏನೇನು ಒಯ್ಯಬೇಕೆಂದು ಕೇಳುವ ಬದಲು ಏನೇನನ್ನು ಬಿಡಬಹುದೆಂದು ಕೇಳಿದರು. ಡಬ್ಬಿ ಆಹಾರ ಬಿಟ್ಟುಹೋಯಿತು. ಶೆರ್ಪಾಗಳು ತಿನ್ನುವ ಸಾಂಪಾ ಬಂತು. ಇದು ಹುರಿದ ಬಾರ್ಲಿಯ ಹಿಟ್ಟು, ನಮ್ಮ ರಾಗಿ ಹುರಿಹಿಟ್ಟಿನ ಸೋದರ. ಬೇಯಿಸುವ ಗೊಡವೆಯಿಲ್ಲ, ಚಹಾದಲ್ಲಿ ಕಲಸಿದರೆ ಊಟ. ಅದರೊಡನೆ ಅಕ್ಕಿ, ಗೋಧಿ ಹಿಟ್ಟು, ತುಪ್ಪ, ಸಕ್ಕರೆ. ಹೆಚ್ಚುವರಿ ಬಟ್ಟೆಗೆ ಕತ್ತರಿ ಬಿತ್ತು. ಹೊರಲು ಹಿಂಡು ಹಿಂಡು ಆಳಿಲ್ಲ, ಸಾಹೇಬರ ಬೆನ್ನ ಮೇಲೂ ಶೆರ್ಪಾಗಳಷ್ಟೇ ಭಾರ. ಎಲ್ಲರಿಗೂ ಒಂದೇ ಪಾತ್ರೆಯ ಊಟ. ವಸಾಹತು ಕಾಲದಲ್ಲಿ ಈ ಕೊನೆಯ ಎರಡು ಸಂಗತಿಗಳು ಸಣ್ಣವಲ್ಲ. ಲಕೋಟೆಯ ಬೆನ್ನ ಮೇಲೆ ಬರೆದು ಮುಗಿಸಲಾಗದ ಯೋಜನೆ ಯೋಜನೆಯೇ ಅಲ್ಲ ಎಂಬ ಅರ್ಥದ ಮಾತನ್ನು ಶಿಪ್ಟನ್ ಮತ್ತು ಟಿಲ್ಮನ್ ಇಬ್ಬರ ಹೆಸರಿನಲ್ಲೂ ಹೇಳುವುದುಂಟು.

1934ರ ಆರಂಭದಲ್ಲಿ ಟಿಲ್ಮನ್, ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿ ಎರಡು ವಾರ ಗುಡ್ಡ ಹತ್ತೋಣವೆಂದು ಸೂಚಿಸಿದರು. ಶಿಪ್ಟನ್ ಅದಕ್ಕೆ ಪ್ರತಿಯಾಗಿ ಏಳು ತಿಂಗಳ ಹಿಮಾಲಯ ಪ್ರಯಾಣವನ್ನು ಮುಂದಿಟ್ಟರು. ಏಪ್ರಿಲ್‌ನಲ್ಲಿ ಲಿವರ್‌ಪೂಲಿನಿಂದ ಸರಕು ಹಡಗು ಹತ್ತಿ ಇಬ್ಬರೂ ಕಲ್ಕತ್ತೆಗೆ ಬಂದರು. ಒಬ್ಬೊಬ್ಬರ ಒಟ್ಟು ಖರ್ಚು 150 ಪೌಂಡ್ ದಾಟಲಿಲ್ಲ. ಡಾರ್ಜಿಲಿಂಗ್‌ನಿಂದ ಅಂಗ್‌ಥರ್ಕೆ, ಪಾಸಂಗ್ ಮತ್ತು ಕುಸಂಗ್ ಬಂದು ಕೂಡಿಕೊಂಡರು. ಅದೇ ಬೇಸಿಗೆಯಲ್ಲಿ ಜರ್ಮನಿಯ ದೊಡ್ಡ ತಂಡವೊಂದು ಅನೇಕ ನುರಿತ ಶೆರ್ಪಾಗಳನ್ನು ಕರೆದುಕೊಂಡು ನಂಗಾ ಪರ್ಬತಕ್ಕೆ ಹೋಗಿತ್ತು. ಜುಲೈನಲ್ಲಿ ಎದ್ದ ಬಿರುಗಾಳಿಯಲ್ಲಿ ಅದರ ಮೂವರು ಆರೋಹಿಗಳೂ ಆರು ಶೆರ್ಪಾಗಳೂ ಬಲಿಯಾದರು. ಸಾಮಾನಿನ ರಾಶಿ ಪ್ರಾಣರಕ್ಷೆಯ ಭರವಸೆಯಲ್ಲವೆಂಬುದಕ್ಕೆ ಅದಕ್ಕಿಂತ ಕಠೋರವಾದ ಸಾಕ್ಷಿ ಬೇಕಿರಲಿಲ್ಲ.

ಐವರ ಮೊದಲ ಗುರಿ ನಂದಾದೇವಿ. ಶಿಖರವನ್ನು ಸುತ್ತುವರಿದ ಪರ್ವತಗಳ ಕೋಟೆಯೊಳಗೆ ಅಲ್ಲಿಯವರೆಗೆ ಯಾರೂ ಕಾಲಿಟ್ಟಿರಲಿಲ್ಲ. ಅಲ್ಮೋಡದಲ್ಲಿ ಅಧಿಕಾರಿಯಾಗಿದ್ದ ಹ್ಯೂ ರಟ್ಲೆಜ್ ಮೂರು ಬಾರಿ ಯತ್ನಿಸಿ ಸೋತಿದ್ದರು. ಋಷಿಗಂಗೆಯ ಕಮರಿಯಲ್ಲಿ ಹೊರೆಯಾಳುಗಳು ಹಿಂದಿರುಗಿದ ಮೇಲೆ ಐವರೇ ಮೂಟೆಗಳನ್ನು ತುಂಡು ತುಂಡಾಗಿ ಸಾಗಿಸಿದರು. ಕೊನೆಯ ಕೆಲವೇ ಮೈಲಿಗಳಿಗೆ ವಾರಕ್ಕೂ ಹೆಚ್ಚು ಕಾಲ ಹಿಡಿಯಿತು. ಜೂನ್‌ನಲ್ಲಿ ಒಳಹೊಕ್ಕು ನಕ್ಷೆ ತಯಾರಿಸುತ್ತಿರುವಾಗ ಮುಂಗಾರು ಬಂತು. ದೊಡ್ಡ ತಂಡಗಳು ಇಂತಹ ಹೊತ್ತಿನಲ್ಲಿ ಗಂಟುಮೂಟೆ ಕಟ್ಟುತ್ತವೆ. ಶಿಪ್ಟನ್ ಮಳೆಗಾಲದ ಎರಡು ತಿಂಗಳನ್ನು ಬದರಿನಾಥದ ಕಡೆಗೆ ತಿರುಗಿಸಿದರು.

ಬದರಿಯಿಂದ ಕೇದಾರದತ್ತ

ಮೊದಲು ಬದರಿ ಮತ್ತು ಗಂಗೋತ್ರಿಗಳ ನಡುವಿನ ಜಲವಿಭಜಕವನ್ನು ದಾಟಿ ಬಂದರು. ಅದು ಕ್ರಮಬದ್ಧವಾಗಿ ನಡೆಯಿತು. ಆನಂತರ ಕೇದಾರದ ಸರದಿ. ಸತೋಪಂಥ ಹಿಮನದಿಯನ್ನು ಹಿಡಿದು ಮೇಲೇರಿ, ಅದರ ತಲೆಯಲ್ಲಿರುವ ತಗ್ಗನ್ನು ದಾಟಿ ದಕ್ಷಿಣಕ್ಕೆ ಇಳಿಯುವುದು ಯೋಜನೆ. ಆಹಾರವನ್ನು ಕೆಲವೇ ದಿನಗಳಿಗೆ ಸಾಕಾಗುವಂತೆ ತೂಗಿ ಕಟ್ಟಿದರು. ಭಾರ ಕಡಿಮೆಯಾದರೆ ವೇಗ ಹೆಚ್ಚು, ವೇಗ ಹೆಚ್ಚಿದರೆ ಆಹಾರ ಕಡಿಮೆ ಸಾಕು. ಶಿಪ್ಟನ್ ಲೆಕ್ಕದ ಸೊಗಸು ಇದು, ಅಪಾಯವೂ ಇದೇ. ವೇಗ ಕುಸಿದರೆ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ.

ಹಿಮನದಿಯ ಪಾಸ್ ಏರುವ ಕಡೆಯಿಂದ ಕಂಡಂತೆ ಇಳಿಯುವ ಕಡೆ ಇರುವುದಿಲ್ಲ. ಹತ್ತುವಾಗ ದಾರಿ ಕಣ್ಣೆದುರು ಇರುತ್ತದೆ, ತಪ್ಪಿದರೆ ಹಿಂದಿರುಗಬಹುದು. ಅತ್ತ ಇಳಿಯುವಾಗ ಕಾಲಡಿಯಲ್ಲಿರುವುದು ಕಾಣುವುದಿಲ್ಲ. 18 ಸಾವಿರ ಅಡಿಗೂ ಮಿಗಿಲಾದ ತಗ್ಗಿನ ಮೇಲೆ ನಿಂತಾಗ ಮಂಜು ಕವಿದಿತ್ತು. ಕೆಳಗೆ ಹಿಮನದಿ ಕಡಿದಾದ ಬಂಡೆಯ ಮೇಲೆ ಒಡೆದು ಮನೆಗಾತ್ರದ ಗಡ್ಡೆಗಳಾಗಿ ಉರುಳುವ ಐಸ್‌ಫಾಲ್. ಹಗ್ಗ ಕಟ್ಟಿಕೊಂಡು, ಬಿರುಕುಗಳನ್ನು ಸುತ್ತಿ, ಸಿಕ್ಕ ದಾರಿ ಮುಚ್ಚಿಹೋದಾಗ ಮತ್ತೆ ಮೇಲೆ ಹತ್ತಿ ಬೇರೆ ಸಂದು ಹುಡುಕಿ ಇಳಿದರು. ಇಳಿದಷ್ಟೂ ಹಿಂದಿರುಗುವ ಸಾಧ್ಯತೆ ದೂರವಾಯಿತು.

ಹಿಮ ಮುಗಿದಾಗ ಕಷ್ಟವೂ ಮುಗಿಯಿತೆಂದು ಅವರು ಭಾವಿಸಿದ್ದರೆ ಅದು ಸಹಜ. ಆದರೆ ನಿಜವಾದ ಅಡ್ಡಿ ಇದ್ದುದು ಕೆಳಗಿನ ಕಾಡಿನಲ್ಲಿ. ಒತ್ತಾಗಿ ಬೆಳೆದ ಬಿದಿರು ಮೆಳೆ, ನೆಟ್ಟಗೆ ನಿಂತ ಕಮರಿಯ ಗೋಡೆ, ಎಡೆಬಿಡದ ಮಳೆ. ದಿನವಿಡೀ ಕಡಿದು ನುಗ್ಗಿದರೂ ಒಂದು ಮೈಲಿಯ ಆಸುಪಾಸು ಸಾಗುವುದೇ ದುಸ್ತರವಾಗಿತ್ತು. ಅಡ್ಡ ಬಂದ ಉಪನದಿಗಳು ಮಳೆನೀರಿನಿಂದ ಉಬ್ಬಿ, ಕಾಲಿಟ್ಟರೆ ಕೊಚ್ಚಿಕೊಂಡು ಹೋಗುವಂತಿದ್ದವು. ಪಾಸಂಗ್ ಅವರ ಪಾದಕ್ಕೆ ಪೆಟ್ಟಾಗಿ ಹೊರೆ ಹೊರಲಾಗದ ಸ್ಥಿತಿ ಉಂಟಾಯಿತು. ಅವರ ಭಾರ ಉಳಿದವರ ಬೆನ್ನಿಗೆ ಬಂತು.

ಬುತ್ತಿ ಮುಗಿಯುತ್ತ ಬಂತು. ಆಗ ಅವರನ್ನು ಉಳಿಸಿದ್ದು ಯಾವ ಲಕೋಟೆಯ ಮೇಲೂ ಬರೆಯದಿದ್ದ ವಿದ್ಯೆ. ಕಾಡಿನಲ್ಲಿ ತಿನ್ನಬಹುದಾದದ್ದು ಯಾವುದೆಂಬುದು ಶೆರ್ಪಾಗಳಿಗೆ, ವಿಶೇಷವಾಗಿ ಅಂಗ್‌ಥರ್ಕೆ ಅವರಿಗೆ, ತಿಳಿದಿತ್ತು. ಮಲೆನಾಡಿನವರು ಕಳಲೆ ಎಂದು ಕರೆಯುವ ಬಿದಿರಿನ ಎಳೆಮೊಳಕೆ ಮತ್ತು ಮರಕ್ಕಂಟಿದ ಅಣಬೆ ಐವರ ಊಟವಾದವು. ಆ ಕಳಲೆಗೂ ಪೈಪೋಟಿಯಿತ್ತು, ಕರಡಿಗಳು ಅದೇ ಮೆಳೆಗಳಲ್ಲಿ ಮೇಯುತ್ತಿದ್ದವು. ಮಳೆಯಲ್ಲಿ ತೊಯ್ದ ಬಿದಿರಿನಿಂದ ಬೆಂಕಿ ಹೊತ್ತಿಸಿದವರೂ ಶೆರ್ಪಾಗಳೇ. ಹಲವು ದಿನಗಳ ನಂತರ ಗೌಂಡಾರ್ ಎಂಬ ಪುಟ್ಟ ಹಳ್ಳಿಯ ಮನೆಗಳು ಕಂಡವು. ಬಡ ಹಳ್ಳಿಗರು ಕೊಡಬಹುದಾಗಿದ್ದದ್ದು ಸ್ವಲ್ಪ ಹಿಟ್ಟು ಮತ್ತು ಸೌತೆಕಾಯಿ. ಅಲ್ಲಿಂದ ಯಾತ್ರಿಕರ ದಾರಿ ಸೇರಿದರು. ಒಬ್ಬ ಅರ್ಚಕ ಒಂದೇ ದಿನ ಎರಡು ಪೂಜೆ ಮಾಡುತ್ತಿದ್ದನೆಂಬ ಐತಿಹ್ಯವನ್ನು ಆಮೇಲೆ ಶಿಪ್ಟನ್ ಎಷ್ಟರಮಟ್ಟಿಗೆ ನಂಬಿದರೆಂದು ಊಹಿಸುವುದು ಕಷ್ಟವಲ್ಲ.

ಯೋಜನೆ ಸರಿಯಿತ್ತೇ? ಐವರೂ ಜೀವಂತ ಬಂದರು, ಅರಿಯದ ನಾಡಿನ ಹಾದಿಯೊಂದು ತಿಳಿಯಿತು ಎಂದು ಹೇಳಬಹುದು. ಆದರೆ ಎರಡು ದಿನ ಹೆಚ್ಚು ಮಳೆ ಸುರಿದಿದ್ದರೆ, ಅಥವಾ ಇನ್ನೊಬ್ಬರ ಕಾಲಿಗೆ ಪೆಟ್ಟಾಗಿದ್ದರೆ ಉತ್ತರ ಬೇರೆಯೇ ಆಗುತ್ತಿತ್ತು. ಮಿತಭಾರದ ಪ್ರಯಾಣ ಎಂಬ ಮಾತು ಇಂದು ಚಾರಣಿಗರ ನಡುವೆ ಮಂತ್ರದಂತೆ ಸಾಗುತ್ತದೆ. ಶಿಪ್ಟನ್ನರ ಭಾರ ಕಡಿಮೆ ಇದ್ದದ್ದು ನಿಜ, ಅನುಭವದ ದಾಸ್ತಾನು ಕಡಿಮೆ ಇರಲಿಲ್ಲ. ಐವರೂ ತಿಂಗಳುಗಳಿಂದ ಎತ್ತರದಲ್ಲಿ ಪಳಗಿದ್ದರು, ಒಬ್ಬರ ಮಿತಿ ಇನ್ನೊಬ್ಬರಿಗೆ ಗೊತ್ತಿತ್ತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ತಂಡ ಹಿಮಬಿರುಗಾಳಿಗೆ ಸಿಲುಕಿ ಕರ್ನಾಟಕದ 9 ಮಂದಿ ಮೃತಪಟ್ಟರು. ಅಲ್ಲಿ ದಾಟಬೇಕಾದ ಐಸ್‌ಫಾಲ್ ಇರಲಿಲ್ಲ, ದಾರಿಯೂ ಅಪರಿಚಿತವಲ್ಲ. ಎತ್ತರ ಮತ್ತು ಹವೆ ಎರಡೇ ಸಾಕಾದವು.

ಸೆಪ್ಟೆಂಬರ್‌ನಲ್ಲಿ ಮಳೆ ಹಿಂಜರಿದಾಗ ಐವರೂ ಮತ್ತೆ ನಂದಾದೇವಿಯ ಒಳಕೋಟೆಗೆ ಹೋದರು. ಹೊರಬಂದದ್ದು ಹೋದ ಕಮರಿಯಿಂದಲ್ಲ, ದಕ್ಷಿಣದ ಸುಂದರಢುಂಗಾ ಕಡೆಯ ಹಿಮದ ತಗ್ಗಿನಿಂದ. ಅವರು ತೋರಿದ ದಾರಿಯಲ್ಲಿ ಸಾಗಿ 1936ರಲ್ಲಿ ಟಿಲ್ಮನ್ ಮತ್ತು ಓಡೆಲ್ ನಂದಾದೇವಿಯ ತುದಿ ತಲುಪಿದರು. ಶಿಪ್ಟನ್ ಆ ವರ್ಷ ಎವರೆಸ್ಟಿನ ಮತ್ತೊಂದು ಭಾರಿ ತಂಡದಲ್ಲಿ ಸೋಲುಣ್ಣುತ್ತಿದ್ದರು.

ನಕ್ಷೆಯ ಖಾಲಿ ಜಾಗ

1935ರಲ್ಲಿ ಎವರೆಸ್ಟ್ ಪರಿಶೀಲನೆಗೆ ಸಣ್ಣ ತಂಡವನ್ನು ಒಯ್ಯುವ ಅವಕಾಶ ಶಿಪ್ಟನ್ನರಿಗೆ ದೊರೆಯಿತು. ತಂಡ ಆ ಬಾರಿ 20 ಸಾವಿರ ಅಡಿ ಮೀರಿದ 26 ಶಿಖರಗಳನ್ನು ಏರಿತು. ಡಾರ್ಜಿಲಿಂಗ್‌ನಲ್ಲಿ ಹೊರೆಯಾಳುಗಳ ಆಯ್ಕೆ ಮುಗಿಯುವ ಹೊತ್ತಿಗೆ ಅನುಭವವಿಲ್ಲದ ಯುವಕನೊಬ್ಬನನ್ನೂ ಅವರು ಸೇರಿಸಿಕೊಂಡಿದ್ದರು. ಆ ಯುವಕ ತೇನ್‌ಸಿಂಗ್ ನೋರ್ಗೆ.

ಯೋಜನೆಯ ದೃಷ್ಟಿಯಿಂದ ಅವರ ಅತ್ಯುತ್ತಮ ಕೆಲಸ 1937ರದ್ದು. ಕಾರಾಕೋರಂನ ಬೆನ್ನಿಗಿರುವ ಶಕ್ಸ್‌ಗಂ ಪ್ರದೇಶ ನಕ್ಷೆಯಲ್ಲಿ ಖಾಲಿಯಾಗಿತ್ತು. ಬೇಸಿಗೆಯಲ್ಲಿ ಅಲ್ಲಿಯ ನದಿ ಉಕ್ಕಿದರೆ ದಾಟಲಾಗದು. ಆದ್ದರಿಂದ ಪಾಸ್ ಮೇಲೆ ಹಿಮ ಇನ್ನೂ ಆಳವಾಗಿರುವಾಗಲೇ, ಮೇ ತಿಂಗಳ ಕೊನೆಯಲ್ಲಿ ಮೂರೂವರೆ ತಿಂಗಳ ಆಹಾರವನ್ನು ಆಚೆ ಸಾಗಿಸಬೇಕಿತ್ತು. ಅಸ್ಕೋಲೆಯಿಂದ ನೂರರಷ್ಟು ಬಾಲ್ಟಿ ಹೊರೆಯಾಳುಗಳು ಹೊರಟರು. ಹಳ್ಳಿಯಲ್ಲೇ ಟಿಲ್ಮನ್‌ಗೆ ಜ್ವರ ಬಂತು, ಚಳಿಗೆ ಅನೇಕರು ಹಿಂದಿರುಗಿದರು. ಆದರೂ ಬುತ್ತಿ ದಾಟಿತು. ಭೂವಿಜ್ಞಾನಿ ಜಾನ್ ಆಡೆನ್ ಮತ್ತು ಸರ್ವೇ ತಜ್ಞ ಮೈಕೇಲ್ ಸ್ಪೆಂಡರ್ ಅವರಿದ್ದ ಆ ತಂಡ ಕೆ2 ಶಿಖರದ ಉತ್ತರ ಪಾರ್ಶ್ವವೂ ಸೇರಿದಂತೆ ಸುಮಾರು 1,800 ಚದರ ಮೈಲಿಯ ನಕ್ಷೆ ಮಾಡಿ, ಮೂರು ಗುಂಪಾಗಿ ಒಡೆದು ಮೂರು ಬೇರೆ ದಾರಿಗಳಲ್ಲಿ ಹೊರಬಂತು. ಮರುವರ್ಷ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಶಿಪ್ಟನ್ನರಿಗೆ ಪದಕ ನೀಡಿತು. ಬಂದದ್ದು ತೂಗಿದ ಪಡಿತರ ಮುಗಿಯುವುದರೊಳಗೆ. ಬಿದಿರು ಕಾಡಿನ ಪಾಠ ವ್ಯರ್ಥವಾಗಿರಲಿಲ್ಲ.

ಯುದ್ಧ ಮತ್ತು ಅದರ ಆಚೀಚೆಯ ವರ್ಷಗಳಲ್ಲಿ ಅವರು ಕಾಶ್‌ಗರ್‌ನಲ್ಲಿ ಎರಡು ಅವಧಿಗೆ, ನಂತರ ಕುನ್‌ಮಿಂಗ್‌ನಲ್ಲಿ ಬ್ರಿಟಿಷ್ ಕಾನ್ಸುಲ್ ಜನರಲ್ ಆಗಿದ್ದರು. 1951ರಲ್ಲಿ ನೇಪಾಳದ ಕಡೆಯಿಂದ ಎವರೆಸ್ಟಿಗೆ ದಾರಿ ಹುಡುಕಿದ ತಂಡಕ್ಕೆ ಅವರೇ ನಾಯಕರು. ಖುಂಬು ಐಸ್‌ಫಾಲ್ ದಾಟಬಹುದೆಂದು ಖಚಿತಪಡಿಸಿದ್ದು ಆ ತಂಡ. ನ್ಯೂಜಿಲೆಂಡಿನ ಅಪರಿಚಿತ ಜೇನು ಸಾಕಣೆಗಾರ ಎಡ್ಮಂಡ್ ಹಿಲರಿಯನ್ನು ಅದಕ್ಕೆ ಸೇರಿಸಿಕೊಂಡಿದ್ದೂ ಶಿಪ್ಟನ್ನರೇ. ಯೇತಿಯದ್ದೆಂದು ಜಗತ್ತೆಲ್ಲ ಸುತ್ತಿದ ಹೆಜ್ಜೆಗುರುತಿನ ಚಿತ್ರಗಳು ಬಂದದ್ದೂ ಆ ಪ್ರಯಾಣದಿಂದ. ಪತ್ರಿಕೆಗಳಿಗೆ ದಾರಿಗಿಂತ ಅದೇ ದೊಡ್ಡ ಸುದ್ದಿಯಾಯಿತು.

1953ರ ಎವರೆಸ್ಟ್ ತಂಡದ ನಾಯಕತ್ವಕ್ಕೆ ಮೊದಲು ಅವರನ್ನೇ ಆರಿಸಲಾಗಿತ್ತು. 1952ರ ಚೋ ಓಯು ಯಾತ್ರೆ ಕೈಗೂಡದೆ ಮರಳಿದ ಮೇಲೆ ಲಂಡನ್ನಿನ ಸಮಿತಿಯ ಮನಸ್ಸು ಬದಲಾಯಿತು. ಫ್ರೆಂಚರಿಗೂ ಮರುವರ್ಷ ಅನುಮತಿ ಸಿಕ್ಕಿತ್ತು, ಸೋಲಲು ಸಮಯವಿರಲಿಲ್ಲ. ಲಕೋಟೆಯ ಮೇಲೆ ಲೆಕ್ಕ ಹಾಕುವವರ ಬದಲು ಸೇನಾಧಿಕಾರಿ ಜಾನ್ ಹಂಟ್ ಬಂದರು. ಸಮಿತಿ ಆ ಬದಲಾವಣೆಯನ್ನು ನಡೆಸಿದ ರೀತಿ ಅಂದವಾಗಿರಲಿಲ್ಲ, ಆದರೆ ಅದರ ತರ್ಕವನ್ನು ತಳ್ಳಿಹಾಕಲೂ ಬರುವುದಿಲ್ಲ. ಹಂಟ್ 350ಕ್ಕೂ ಹೆಚ್ಚು ಹೊರೆಯಾಳುಗಳೊಡನೆ ಹೊರಟರು. 1953ರ ಮೇ 29ರಂದು ತುದಿಯಲ್ಲಿ ನಿಂತವರು ಹಿಲರಿ ಮತ್ತು ತೇನ್‌ಸಿಂಗ್. ಇಬ್ಬರೂ ಶಿಪ್ಟನ್ ಗುರುತಿಸಿದವರು.

ಮುಂದಿನ ಕೆಲವು ವರ್ಷ ಕಹಿಯಾದವು. ತರಬೇತಿ ಶಾಲೆಯೊಂದರ ಕೆಲಸ ನಿಲ್ಲಲಿಲ್ಲ, ದಾಂಪತ್ಯ ಮುರಿಯಿತು. ಕೆಲಕಾಲ ಅರಣ್ಯದಲ್ಲಿ ಕೂಲಿ ಕೆಲಸವನ್ನೂ ಮಾಡಿದರು. ಐವತ್ತು ದಾಟಿದ ಮೇಲೆ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕೈಬೀಸಿ ಕರೆಯಿತು. 1960ರ ಡಿಸೆಂಬರ್‌ನಿಂದ 1961ರ ಜನವರಿಯವರೆಗೆ ಮೂವರು ಸಂಗಾತಿಗಳೊಡನೆ, ಆಹಾರವನ್ನೆಲ್ಲ ಜಾರುಬಂಡಿಯಲ್ಲಿ ಎಳೆದುಕೊಂಡು, ಅಲ್ಲಿಯ ಹಿಮಹಾಸನ್ನು ಉತ್ತರದಿಂದ ದಕ್ಷಿಣಕ್ಕೆ 52 ದಿನಗಳಲ್ಲಿ ದಾಟಿದರು. ಬಿರುಗಾಳಿಯ ನಾಡಿನಲ್ಲಿ ದಿನಗಟ್ಟಲೆ ಗುಡಾರದೊಳಗೆ ಕೂರಬೇಕಾಗುವುದೆಂದು ಮೊದಲೇ ಎಣಿಸಿ ಪಡಿತರ ತೂಗಿದ್ದರು.

ಇಂದು ಬದರಿ–ಕೇದಾರಗಳ ನಡುವಿನ ಜಲವಿಭಜಕವನ್ನು ದಾಟಬಯಸುವ ಚಾರಣಿಗರು ಸಾಮಾನ್ಯವಾಗಿ ಪನ್ಪತಿಯಾ ಕೊಲ್ ಮೂಲಕ ಮದಮಹೇಶ್ವರದತ್ತ ಇಳಿಯುತ್ತಾರೆ. ನಂದಾದೇವಿಯ ಒಳಕೋಟೆ ಮಾತ್ರ 1980ರ ದಶಕದ ಆರಂಭದಿಂದ ಚಾರಣಿಗರಿಗೆ ಮುಚ್ಚಿದೆ. ಐವರ ಪೈಕಿ ಅಂಗ್‌ಥರ್ಕೆ 1950ರಲ್ಲಿ ಫ್ರೆಂಚರ ಅನ್ನಪೂರ್ಣಾ ಆರೋಹಣಕ್ಕೆ ಸರ್ದಾರರಾಗಿದ್ದರು. ಶಿಪ್ಟನ್ 1977ರ ಮಾರ್ಚ್ 28ರಂದು ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಆಗ ಅವರಿಗೆ 69 ವರ್ಷ. ಅದೇ ವರ್ಷದ ನವೆಂಬರ್‌ನಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದ ಟಿಲ್ಮನ್ ರಿಯೊ ಡಿ ಜನೈರೊದಿಂದ ದಕ್ಷಿಣಕ್ಕೆ ಹೊರಟ ಹಡಗಿನಲ್ಲಿದ್ದರು. ಆ ಹಡಗು ಫಾಕ್‌ಲ್ಯಾಂಡ್ ತಲುಪಲಿಲ್ಲ.